ಹೆಚ್‌ಎಫ್ ಕ್ರಾಸ್ ಅನ್ನುತ್ತೇವೆ, ಫ್ರೀಸಿಯನ್ ಕ್ರಾಸ್ ಅನ್ನಲು ಇವರಿಗೇನು ನಾಚಿಕೆ?

ಮಂಡ್ಯ, ಹಾಸನದ ಕಡೆ ಡೇರಿಗೆ ಹಾಲು ಹಾಕುವವರನ್ನು ಯಾವ ಹಸು ಅಂತ ಕೇಳಿ. ‘ಹೆಚ್‌ಎಫ್ ಕ್ರಾಸ್’ (ಹೋಲ್‌ಸ್ಟೀನ್ ಫ್ರೀಸಿಯನ್ ಬೆರಕೆ) ಅಂತ ತಟ್ಟನೆ ಉತ್ತರ ಬರುತ್ತದೆ. ಕೊಳ್ಳುವವರೂ ಮುಖ ಸಿಂಡರಿಸುವುದಿಲ್ಲ. ಎಷ್ಟನೇ ಸೂಲು, ಹೊತ್ತಿಗೆ ಎಷ್ಟು ಲೀಟರ್ ಅಂತ ಮುಂದಿನ ಮಾತಿಗೆ ಹೋಗುತ್ತಾರೆ. ಆ ಹೆಚ್‌ಎಫ್‌ನ ‘ಎಫ್’ ನೆದರ್ಲೆಂಡ್ಸ್‌ನ ಫ್ರೀಸ್‌ಲ್ಯಾಂಡ್‌ನದು. ಅದೇ ನೆಲದ ಕರಿ ಕುದುರೆ ಫ್ರೀಸಿಯನ್. ಇಲ್ಲಿ ಯೂರೋಪಿನಲ್ಲಿ ಕುದುರೆ ಮಾರುವಾಗ ಮಾತ್ರ ‘ಕ್ರಾಸ್’ ಅನ್ನುವ ಪದ ಎಷ್ಟೋ ಜಾಹೀರಾತುಗಳಲ್ಲಿ ಮಾಯ. ಸ್ಪ್ಯಾನಿಷ್ ಕುದುರೆಯ ಜೊತೆ ಬೆರೆತರೆ ‘ವಾರ್ಲಾಂಡರ್’, ಕಪ್ಪು-ಬಿಳಿ ಮಚ್ಚೆಯದಾದರೆ ‘ಬರಾಕ್ ಪಿಂಟೊ’. ಇವಕ್ಕಾದರೂ ಹೆಸರಲ್ಲೇ ಸುಳಿವಿದೆ. ನನ್ನ ತಕರಾರು ಇರುವುದು ಬೆರಕೆಯನ್ನು ಬರೀ ‘ಫ್ರೀಸಿಯನ್’ ಅಂತ ದಾಟಿಸುವವರ ಮೇಲೆ.

ಕಣ್ಣು ಮೋಸ ಹೋಗಲು ಕಾರಣವಿದೆ. ಫ್ರೀಸಿಯನ್ ಸಾಮಾನ್ಯವಾಗಿ ಎರಡೂ ಪ್ರತಿಯಲ್ಲಿ ಕಪ್ಪಿನ ಜೀನ್ ಹೊತ್ತಿರುತ್ತದೆ. ಕಪ್ಪನ್ನು ಕಾಲು-ಕೇಸರಕ್ಕಷ್ಟೇ ಸೀಮಿತಗೊಳಿಸಿ ಮೈಯನ್ನು ಕಂದಾಗಿಸುವ ‘ಅಗೂಟಿ’ ಅದರಲ್ಲಿಲ್ಲ. ಜೊತೆಯ ಕುದುರೆ ಅಗೂಟಿ ಕೊಟ್ಟರೆ ಮರಿ ಸಾಮಾನ್ಯವಾಗಿ ಕಂದು, ಕೊಡದಿದ್ದರೆ ಅಚ್ಚ ಕಪ್ಪು. ಹಾಗಾಗಿ ಕಪ್ಪು ಬಣ್ಣ ಏನನ್ನೂ ಸಾಬೀತು ಮಾಡದು. ಗೊರಸಿನ ಮೇಲಿನ ಉದ್ದಗೂದಲು ತೆಳುವಾಗಿದೆಯೇ, ಕಾಲಿನಲ್ಲಿ ಬಿಳಿ ಇದೆಯೇ ಅಂತ ನೋಡಿ. ಹಣೆಯ ಸಣ್ಣ ಚುಕ್ಕೆ ಬಿಟ್ಟು ಬೇರೆ ಬಿಳಿ ಕಂಡರೆ ಕಾಗದ ಕೇಳಲೇಬೇಕು.

ಕಾಗದದಲ್ಲೂ ಒಂದು ಬಲೆ. ಇಲ್ಲಿ ಪ್ರತಿ ಕುದುರೆಗೂ ಪಾಸ್‌ಪೋರ್ಟ್, ಚಿಪ್ ಕಡ್ಡಾಯ. ಅದು ಗುರುತಿನ ಚೀಟಿಯೇ ಹೊರತು ಕುಲದ ಸಾಕ್ಷಿಯಲ್ಲ. ಮೊದಲು ಚಿಪ್ ಸ್ಕ್ಯಾನ್ ಮಾಡಿಸಿ 15 ಅಂಕಿ ಪಾಸ್‌ಪೋರ್ಟಿನೊಂದಿಗೆ ತಾಳೆ ನೋಡಿ. ಯುಇಎಲ್‌ಎನ್ (ಕುದುರೆಗೆ ಜೀವಮಾನಕ್ಕೆ ಕೊಡುವ ನೋಂದಣಿ ಸಂಖ್ಯೆ) ಕೂಡ 15 ಅಕ್ಷರ-ಅಂಕಿಗಳದು: ಮೊದಲ ಮೂರು ದೇಶದ್ದು (ನೆದರ್ಲೆಂಡ್ಸ್‌ಗೆ 528), ನಂತರದ ಮೂರು ನೋಂದಾಯಿಸಿದ ಸಂಸ್ಥೆಯದು. ಆಮೇಲೆ ವಂಶಾವಳಿಯ ಪುಟ. ತಾಯಿಯ ಜಾಗ ಖಾಲಿ ಇದ್ದರೆ ‘ತಂದೆ ಶುದ್ಧ’ ಎಂಬ ಮಾತು ಅರ್ಧ ಸತ್ಯ. ಅನುಮಾನ ಉಳಿದರೆ ಕೇಸರದಿಂದ 30–40 ಕೂದಲು ಬೇರುಸಹಿತ ಕಿತ್ತು ಲ್ಯಾಬಿಗೆ ಕಳಿಸಿ. ಕತ್ತರಿಸಿದ ಕೂದಲು ಕೆಲಸಕ್ಕೆ ಬಾರದು. ಲ್ಯಾಬಿನಲ್ಲಿ ಕೇಳಬೇಕಾದ್ದು ಡಿಎನ್‌ಎಯಿಂದ ತಂದೆತಾಯಿ ಯಾರೆಂದು ತಾಳೆ ನೋಡುವ ಪರೀಕ್ಷೆ. ‘ಶೇಕಡಾ ಇಷ್ಟು ಫ್ರೀಸಿಯನ್’ ಎಂಬ ವರದಿ ಬರೀ ಅಂದಾಜು.

ತಮಾಷೆಯೆಂದರೆ ಬೆರಕೆ ಅನ್ನುವುದು ಇಲ್ಲಿ ಹೆಮ್ಮೆಯಿಂದ ಹೇಳಬಹುದಾದ ಮಾತು. ಕೆಎಫ್‌ಪಿಎಸ್ ಎಂಬ ಫ್ರೀಸಿಯನ್ ವಂಶಪುಸ್ತಕ 1879ರದು. 1913ರ ಹೊತ್ತಿಗೆ ಸಂತಾನಕ್ಕೆ ಉಳಿದಿದ್ದ ಗಂಡುಗಳು ಮೂರೇ. ಆ ಇಕ್ಕಟ್ಟಿನಿಂದ ಬಂದ ಒಳಸಂಬಂಧದ ಫಲವಾಗಿ ಕುಬ್ಜತೆ, ಮೆದುಳಿನಲ್ಲಿ ನೀರು ತುಂಬುವುದು ಇವತ್ತಿಗೂ ಕಾಡುತ್ತವೆ. ಎರಡೂ ಸುಪ್ತ ಜೀನಿನ ದೋಷ. ರೋಗವಿಲ್ಲದೆ ದೋಷದ ಜೀನಿನ ಒಂದು ಪ್ರತಿ ಹೊತ್ತದ್ದು ವಾಹಕ; ವಾಹಕ-ವಾಹಕ ಕೂಡಿದರೆ ಪ್ರತಿ ಮರಿಗೂ ಶೇ. 25 ಅಪಾಯ. ಆ ಜೀನ್ ಇಲ್ಲದ ತಳಿಯ ಜೊತೆ ಮೊದಲ ಬೆರಕೆಯಾದರೆ ಮರಿಗೆ ರೋಗ ಬರುವುದಿಲ್ಲ, ಆದರೆ ಅದೇ ವಾಹಕವಾಗಿರಬಹುದು. ಶುದ್ಧ ಅಂತ ನಂಬಿಸಿ ಮಾರಿದ ಅಂಥ ಹೆಣ್ಣನ್ನು ಪರೀಕ್ಷೆಯಿಲ್ಲದೆ ಮತ್ತೆ ಫ್ರೀಸಿಯನ್ ಗಂಡಿಗೆ ಕೊಟ್ಟರೆ ಅಪಾಯ ಮರಳಿ ಬರುತ್ತದೆ. ಸುಳ್ಳು ಹೆಸರಿನ ನಿಜವಾದ ಬೆಲೆ ಇಲ್ಲಿದೆ. ಕೊಂಡಾಗ ಹೆಚ್ಚು ಕೊಟ್ಟ ಯೂರೋಗಳದ್ದು ಸಣ್ಣ ಲೆಕ್ಕ.

ನಮ್ಮ ಕಡೆಯವರೆಲ್ಲ ಸತ್ಯಸಂಧರು ಅಂತಲೂ ಅಲ್ಲ. ದೇಸಿ ಹಸುವಿನದೆಂದು ಮಾರುವ ಎ2 ಹಾಲಿನ ಗಾಳಿ ಬೀಸಿದ ಮೇಲೆ ಉಬ್ಬಿದ ಹಣೆ, ಮಡಿಚಿದ ಉದ್ದ ಕಿವಿ ಕಂಡದ್ದೆಲ್ಲ ಗುಜರಾತಿನ ‘ಶುದ್ಧ ಗಿರ್’ ಹಸು ಆಗುತ್ತಿದೆ. ಹೆಸರಿಗೆ ಫ್ಯಾಷನ್ ಅಂಟದಿರುವವರೆಗೆ ಮಾತ್ರ ನಾವೂ ‘ಕ್ರಾಸ್’ ಅಂತ ಧಾರಾಳವಾಗಿ ಹೇಳಿದ್ದು.