ಗಣಿಯ ಫಲಕದಲ್ಲಿ ಸೊನ್ನೆ ಇದ್ದರೆ ಯಾರಿಗೂ ಗಾಯವಾಗಿಲ್ಲವೇ?

ಗಣಿಯ ಸುರಕ್ಷತಾ ಫಲಕದಲ್ಲಿ ‘ಸೊನ್ನೆ’ ಎಂದಿದ್ದರೆ ಅಲ್ಲಿ ಆ ವರ್ಷ ಯಾರಿಗೂ ಪೆಟ್ಟಾಗಿಲ್ಲ ಎಂಬ ಸಂದೇಶ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಅದು ಸರಿಯಲ್ಲ.

ಆ ಸೊನ್ನೆ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದು ಗಾಯಾಳು ಮುಂದಿನ ಪಾಳಿಗೆ ಬರಲಾಗದಂಥ ಗಾಯಗಳನ್ನು ಮಾತ್ರ. ಕನ್ವೇಯರ್ ಬೆಲ್ಟ್ ಬಳಿ ಬೆರಳು ಜಜ್ಜಿಕೊಂಡವನಿಗೆ ಹೊಲಿಗೆ ಹಾಕಿಸಿ, ಮರುದಿನ ಕಚೇರಿಯಲ್ಲಿ ಕೂರಿಸಿ ರಿಜಿಸ್ಟರ್ ಬರೆಸಿದರೆ ಆತ ಈ ಲೆಕ್ಕಕ್ಕೆ ಸಿಗುವುದಿಲ್ಲ. ಹಗುರ ಕೆಲಸ ಕೊಡುವುದು ತಪ್ಪಲ್ಲ. ಅಂಕಿ ಚೆಂದ ಕಾಣಲೆಂದೇ ಕೊಡುವುದು ತಪ್ಪು. ಕಲ್ಲಿನ ಸಿಲಿಕಾ ದೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಹೆಚ್ಚಾಗಿ ಹತ್ತು ವರ್ಷ ಕಳೆದ ಮೇಲೆ ತಲೆ ಎತ್ತುತ್ತದೆ. ಅದಂತೂ ಈ ಫಲಕದ ಹತ್ತಿರವೂ ಸುಳಿಯುವುದಿಲ್ಲ.

ಎರಡು ಗಣಿಗಳನ್ನು ಹೋಲಿಸುವವರಿಗೂ ಒಂದು ಮಾತು. ಗಾಯದ ದರವನ್ನು ಕೆಲವೆಡೆ 10 ಲಕ್ಷ ಕೆಲಸದ ಗಂಟೆಗೆ, ಕೆಲವೆಡೆ 2 ಲಕ್ಷ ಗಂಟೆಗೆ ಹಾಕುತ್ತಾರೆ. ಮೊದಲ ಲೆಕ್ಕದ 5 ಎರಡನೆಯದರ 1ಕ್ಕೆ ಸಮ. ಗುತ್ತಿಗೆ ಕಾರ್ಮಿಕರನ್ನು ಸೇರಿಸಿದ್ದಾರೆಯೇ ಎಂಬುದನ್ನೂ ಕೇಳಿ ನೋಡಿ.

ಇನ್ನು, ಕೂದಲೆಳೆಯಲ್ಲಿ ತಪ್ಪಿದ ಅವಘಡಗಳ ವರದಿ ಹೆಚ್ಚಿದ ಕೂಡಲೇ ಗಣಿ ಅಪಾಯಕಾರಿಯಾಯಿತು ಎಂದುಕೊಳ್ಳಬೇಕಿಲ್ಲ. ಕಾರ್ಮಿಕರು ಹೆದರದೆ ಬಾಯಿ ಬಿಡುತ್ತಿದ್ದಾರೆ ಎಂಬುದೂ ಅದಕ್ಕೆ ಕಾರಣವಿರಬಹುದು.