ಎಸ್‌ಕ್ಯೂಎಲ್ ಎರಡು ದಿನದ ಕೆಲಸ ಅಲ್ಲ

ಎಸ್‌ಕ್ಯೂಎಲ್ ಅಂದರೆ ಮಾಹಿತಿಯನ್ನು ಟೇಬಲ್‌ಗಳಾಗಿ ಜೋಡಿಸಿಡುವ ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ. ಅದು ಎರಡೇ ದಿನದ ಕೆಲಸ ಅಂತ ಒಬ್ಬರು ಮಕ್ಕಳಿಗೆ ಹೇಳಿದ್ದನ್ನು ಕೇಳಿ ಶನಿವಾರದಿಂದ ತಲೆ ಬಿಸಿಯಾಗಿದೆ. ಇವತ್ತಾದರೂ ಬರೆದು ಮುಗಿಸೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ನಮ್ಮ ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷದ ಮಕ್ಕಳಿಗೆ ಮಾಕ್ ಇಂಟರ್‌ವ್ಯೂ ಇತ್ತು. ಬೆಂಗಳೂರು ಬಿಟ್ಟು ಬಂದು ಇಲ್ಲೇ ಮನೆಯಿಂದ ಡೇಟಾಬೇಸ್ ಕೆಲಸ ಮಾಡುವವಳು ಅಂತ ನನ್ನನ್ನೂ ಕರೆದಿದ್ದರು. 26 ಮಕ್ಕಳ ರೆಸ್ಯೂಮೆ ನೋಡಿದೆ. 25ರಲ್ಲಿ ಹೆಸರಿನ ಕೆಳಗೇ ‘ಫುಲ್ ಸ್ಟ್ಯಾಕ್ ಡೆವಲಪರ್’ ಅಂತ ಇತ್ತು, ಅಂದರೆ ಪರದೆಯಿಂದ ಡೇಟಾಬೇಸ್‌ವರೆಗೆ ಎಲ್ಲವನ್ನೂ ಮಾಡುವವರು. ಡೇಟಾಬೇಸ್ ಅನ್ನುವುದು ಕೊನೆಯಲ್ಲಿ ಒಂದು ಸಾಲು, ಹವ್ಯಾಸಗಳ ಮೇಲುಗಡೆ.

ಎಲ್ಲರಿಗೂ ಕೇಳಿದ್ದು ಒಂದೇ ಪ್ರಶ್ನೆ. ಒಂದು ಟೇಬಲ್‌ನಲ್ಲಿ ಗಿರಾಕಿಗಳಿದ್ದಾರೆ, ಇನ್ನೊಂದರಲ್ಲಿ ಬಿಲ್‌ಗಳಿವೆ. ಈ ತಿಂಗಳು ಒಂದೂ ಬಿಲ್ ಆಗದ ಗಿರಾಕಿಗಳು ಯಾರು? ಸುಮಾರು ಜನ ಎರಡೂ ಟೇಬಲ್ ಹೊಂದಿಸುವ ಸೀದಾ ಜಾಯಿನ್ ಬರೆದರು. ಅದರಲ್ಲಿ ಬರುವುದು ಬಿಲ್ ಆದವರು ಮಾತ್ರ. ನಾಲ್ಕೈದು ಜನ, ಬಿಲ್ ಇಲ್ಲದ ಗಿರಾಕಿಗಳನ್ನೂ ಉಳಿಸಿಕೊಳ್ಳುವ ಲೆಫ್ಟ್ ಜಾಯಿನ್ ಅಂದರು. ಆದರೆ ತಿಂಗಳ ಷರತ್ತನ್ನು ಕೊನೆಗೆ, ಬಂದ ಸಾಲುಗಳನ್ನು ಸೋಸುವ ವೇರ್‌ನಲ್ಲಿ ಹಾಕಿದರು. ಹಾಕಿದ ಕೂಡಲೇ ನಾವು ಹುಡುಕುತ್ತಿದ್ದವರೇ ಪಟ್ಟಿಯಿಂದ ಬಿದ್ದುಹೋದರು. ಯಾಕೆ ಅಂತ ಕೇಳಿದರೆ ಯಾರಿಗೂ ಗೊತ್ತಾಗಲಿಲ್ಲ.

ಮಕ್ಕಳ ಮೇಲೆ ನನಗೆ ಒಂಚೂರೂ ಬೇಸರವಿಲ್ಲ. ಸಿಟ್ಟು ಬಂದಿದ್ದು ಊಟ ಆದಮೇಲೆ. ಯಾವುದೋ ತರಬೇತಿ ಸಂಸ್ಥೆಯಿಂದ ಬಂದಿದ್ದವರು ಮೈಕ್ ಹಿಡಿದು, ‘ಎಸ್‌ಕ್ಯೂಎಲ್ ಹಳೇದು, ಎರಡು ದಿನದ ಕೆಲಸ, ಇಂಟರ್‌ವ್ಯೂ ಹಿಂದಿನ ವಾರ ನೋಡ್ಕೊಂಡ್ರೆ ಸಾಕು’ ಅಂದರು. ಮಕ್ಕಳು ಅದನ್ನೂ ನೋಟ್ಸ್ ಮಾಡಿಕೊಂಡರು! ನನಗೆ ಎದ್ದು ನಿಂತು ಕೂಗಬೇಕು ಅನ್ನಿಸಿತು. ಕೂಗಲಿಲ್ಲ. ಅದೇ ಈಗ ಕೊರೆಯುತ್ತಿದೆ.

ಹಳೇದು ಅನ್ನುವುದೇನೋ ನಿಜ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಅವರು ಮಾಹಿತಿಯನ್ನು ಟೇಬಲ್‌ಗಳಾಗಿ ಇಡುವ ಲೆಕ್ಕಾಚಾರವನ್ನು 1970ರಲ್ಲಿ ಬರೆದರು. 1974ರಲ್ಲಿ ಅಲ್ಲಿಯವರೇ ಆದ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅದಕ್ಕೊಂದು ಭಾಷೆ ಕೊಟ್ಟರು, ಅದೇ ಮುಂದೆ ಎಸ್‌ಕ್ಯೂಎಲ್ ಆಯಿತು. ನಾನು ಕೆಲಸಕ್ಕೆ ಸೇರಿದಾಗ ಕಲಿತ ಫ್ರೇಮ್‌ವರ್ಕ್‌ಗಳಲ್ಲಿ ಇವತ್ತು ಒಂದೂ ನನ್ನ ಕೈಯಲ್ಲಿಲ್ಲ. ಆಗ ಕಲಿತ ಎಸ್‌ಕ್ಯೂಎಲ್ ಇವತ್ತೂ ನನಗೆ ಅನ್ನ ಹಾಕುತ್ತಿದೆ. ನಿಮ್ಮ ಆಂಡ್ರಾಯ್ಡ್ ಫೋನಿನ ಕಾಂಟ್ಯಾಕ್ಟ್ಸ್ ಇರುವುದು ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್‌ನಲ್ಲಿ. ಭೂಮಿ ಯೋಜನೆ ಬಂದಮೇಲೆ ನಮ್ಮ ಹೊಲದ ಪಹಣಿಯೂ ಡೇಟಾಬೇಸ್‌ನಿಂದಲೇ ಬರುತ್ತದೆ. ಅಪ್ಪನ ಹೆಸರು, ಸರ್ವೆ ನಂಬರ್, ಎಕರೆ, ಗುಂಟೆ. ಅಲ್ಲಿ ಒಂದು ಸಾಲು ತಪ್ಪಾದರೆ ಒಂದು ಮನೆ ವರ್ಷಗಟ್ಟಲೆ ತಾಲ್ಲೂಕು ಕಚೇರಿಗೆ ಅಲೆಯುತ್ತದೆ. ಇದು ಎರಡು ದಿನದ ಕೆಲಸವಾ?

ನನ್ನದೇ ಒಂದು ತಪ್ಪು ಹೇಳುತ್ತೇನೆ. ಇದನ್ನು ಇಲ್ಲಿ ಯಾವತ್ತೂ ಬರೆದಿಲ್ಲ. ಡಿಗ್ರಿ ಮುಗಿದ ಹೊಸದರಲ್ಲಿ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಮೆಕ್ಕೆಜೋಳದ ಸೀಸನ್. ರೈತರ ಹೆಸರು ಕನ್ನಡದಲ್ಲೇ ಬೇಕು ಅಂದಿದ್ದರು. ಹೆಸರಿನ ಕಾಲಂ ಅನ್ನು ನಾನು ವಾರ್‌ಚಾರ್ ಅಂತ ಇಟ್ಟೆ, ಕನ್ನಡದಂಥ ಲಿಪಿಗಳನ್ನೂ ಹಿಡಿಯುವ ಎನ್‌ವಾರ್‌ಚಾರ್ ಅಂತ ಇಡಬೇಕಿತ್ತು. ಟೈಪ್ ಮಾಡುವಾಗ ಪರದೆ ಮೇಲೆ ಕನ್ನಡ ಚೆನ್ನಾಗಿಯೇ ಕಾಣುತ್ತಿತ್ತು. ಸೇವ್ ಆದಮೇಲೆ ತೆಗೆದು ನೋಡಿದರೆ ಎಲ್ಲ ರೈತರ ಹೆಸರೂ ಬರೀ ಪ್ರಶ್ನಾರ್ಥಕ ಚಿಹ್ನೆ. ಹೋದ ಅಕ್ಷರ ವಾಪಸ್ ಬರಲ್ಲ, ಅಲ್ಲಿ ಉಳಿದಿರುವುದೇ ಆ ಚಿಹ್ನೆ. ಮೂರು ರಾತ್ರಿ ಅಂಗಡಿಯ ಗುಮಾಸ್ತರ ಪಕ್ಕ ಕೂತು ಖಾತೆ ಪುಸ್ತಕ ನೋಡಿ ಮತ್ತೆ ಟೈಪ್ ಮಾಡಿದೆ.

ಆ ಮೂರು ರಾತ್ರಿ ಕಲಿತದ್ದು ಕಾಲೇಜಿನಲ್ಲಿ ಕಲಿತಿರಲಿಲ್ಲ. ಆ ಗುಮಾಸ್ತರು ಯಾವ ರೈತರನ್ನೂ ಬರೀ ಹೆಸರಿನಿಂದ ಹುಡುಕುತ್ತಿರಲಿಲ್ಲ. ‘ನೋಡಮ್ಮ, ಹನುಮಂತಪ್ಪ ಅಂದ್ರೆ ಒಂಬತ್ತು ಜನ ಇದಾರೆ. ಆನಗೋಡಿನಲ್ಲೇ ಇಬ್ಬರು. ಅದಕ್ಕೇ ಖಾತೆ ನಂಬರು’ ಅಂದರು. ಒಂದು ಸಾಲನ್ನು ಇನ್ನೊಂದರಿಂದ ಬೇರೆಯಾಗಿ ಗುರುತಿಸುವ ಪ್ರೈಮರಿ ಕೀ ಅಂದರೆ ಏನು ಅಂತ ನನಗೆ ಅರ್ಥವಾಗಿದ್ದು ಆ ಕ್ಷಣ. ಒಮ್ಮೆ ಬರೆದ ಲೆಕ್ಕವನ್ನು ಅವರು ಅಳಿಸುತ್ತಲೂ ಇರಲಿಲ್ಲ. ತಪ್ಪಾದರೆ ಕೆಳಗೆ ಇನ್ನೊಂದು ಸಾಲು ಬರೆದು ಸರಿ ಮಾಡುತ್ತಿದ್ದರು. ಇವತ್ತಿಗೂ ಹಣದ ಟೇಬಲ್ ಮಾಡುವಾಗ ನಾನು ಅದನ್ನೇ ಪಾಲಿಸುತ್ತೇನೆ.

ಇನ್ನೊಂದು ಬೇಜಾರು ಏನೆಂದರೆ, ಈ ಕ್ಷೇತ್ರದಲ್ಲಿ ಎಷ್ಟು ಥರದ ಕೆಲಸಗಳಿವೆ ಅಂತಲೇ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಟೇಬಲ್ ಹೇಗಿರಬೇಕು, ಬೇಗ ಹುಡುಕಲು ಯಾವ ಕಾಲಂಗೆ ಇಂಡೆಕ್ಸ್ ಬೇಕು, ಡೇಟಾಬೇಸ್‌ಗೆ ಕೇಳಿದ ಪ್ರಶ್ನೆ, ಅಂದರೆ ಕ್ವೆರಿ, ಯಾಕೆ ಹತ್ತು ಸೆಕೆಂಡ್ ತಗೊಳ್ಳುತ್ತಿದೆ ಅಂತ ನೋಡುವವರು ಡೇಟಾಬೇಸ್ ಡೆವಲಪರ್. ಹತ್ತು ಕಡೆಯ ಡೇಟಾ ಒಂದೆಡೆ ತಂದು ಒಪ್ಪ ಮಾಡುವವರು ಡೇಟಾ ಎಂಜಿನಿಯರ್. ಅದರಿಂದ ವ್ಯಾಪಾರದ ಪ್ರಶ್ನೆಗೆ ಉತ್ತರ ತೆಗೆಯುವವರು ಅನಲಿಸ್ಟ್. ಬ್ಯಾಕಪ್, ರಿಸ್ಟೋರ್, ಯಾರಿಗೆ ಎಷ್ಟು ಪರ್ಮಿಷನ್ ಅನ್ನುವುದೆಲ್ಲ ಡಿಬಿಎ, ಅಂದರೆ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್, ತಲೆಮೇಲೆ. ಡಿಬಿಎ ಕೆಲಸ ಸತ್ತುಹೋಯಿತು, ಎಲ್ಲ ಕ್ಲೌಡ್ ನೋಡಿಕೊಳ್ಳುತ್ತೆ ಅಂತಲೂ ಆ ಮೈಕಿನವರು ಹೇಳಿದರು. ಹಾಗಾದರೆ 2017ರ ಜನವರಿ 31ರಂದು, ಪ್ರೋಗ್ರಾಮರ್‌ಗಳು ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್‌ನಲ್ಲಿ ಏನಾಯಿತು? ಒಬ್ಬ ಎಂಜಿನಿಯರ್ ಸುಸ್ತಾಗಿದ್ದ ಹೊತ್ತಿನಲ್ಲಿ ತಪ್ಪು ಸರ್ವರ್ ಮೇಲೆ ಅಳಿಸುವ ಆಜ್ಞೆ ಕೊಟ್ಟರು. ನೋಡಿದರೆ ಇಟ್ಟುಕೊಂಡಿದ್ದ ಬ್ಯಾಕಪ್ ವಿಧಾನಗಳು ಆ ಹೊತ್ತಿಗೆ ಕೈಕೊಟ್ಟಿದ್ದವು. ಅದೃಷ್ಟಕ್ಕೆ 6 ಗಂಟೆ ಹಿಂದಿನ ಒಂದು ಪ್ರತಿ ಸಿಕ್ಕಿತು. ಆ ನಡುವಿನ ಡೇಟಾ ಹೋಯಿತು. ಬ್ಯಾಕಪ್ ಆಗುತ್ತಿದೆ ಅನ್ನುವುದು ಬೇರೆ. ಅದನ್ನು ವಾಪಸ್ ಎತ್ತಿ ನೋಡಿದ್ದೇವೆ ಅನ್ನುವುದು ಬೇರೆ. ಎರಡನೆಯದಕ್ಕೆ ಮನುಷ್ಯರು ಬೇಕು.

‘ಈಗ ಎಐ ಬರೆದುಕೊಡುತ್ತಲ್ಲ ಮೇಡಂ’ ಅಂತ ಒಬ್ಬ ಹುಡುಗ ಕೇಳಿದ. ಹೌದು, ಬರೆದುಕೊಡುತ್ತೆ, ನಾನೂ ದಿನಾ ಬಳಸುತ್ತೇನೆ. ಅವನಿಗೆ ಬೋರ್ಡ್ ಮೇಲೆ ಬರೆದು ತೋರಿಸಿದೆ. ಒಂದು ಬಿಲ್ಲಿನಲ್ಲಿ ಮೂರು ಸಾಮಾನು. ಗಿರಾಕಿ ಎರಡು ಕಂತಿನಲ್ಲಿ ದುಡ್ಡು ಕೊಟ್ಟಿದ್ದಾರೆ. ಬಿಲ್, ಸಾಮಾನು, ಕಂತು ಮೂರೂ ಟೇಬಲ್ ಜಾಯಿನ್ ಮಾಡಿದರೆ ಆರು ಸಾಲು ಬರುತ್ತದೆ, ಪ್ರತಿ ಕಂತೂ ಮೂರು ಸಲ. ಕೂಡಿಸಿದರೆ ಬಂದ ದುಡ್ಡು ಮೂರು ಪಟ್ಟು. ಎರರ್ ಬರಲ್ಲ, ರಿಪೋರ್ಟ್ ನೋಡಲು ಚೆನ್ನಾಗೇ ಇರುತ್ತೆ. ಇದು ತಪ್ಪು ಅಂತ ಕಂಡುಹಿಡಿಯಬೇಕಾದವನು ನೀನೇ ಅಲ್ವಾ? ಹುಡುಗ ಬೋರ್ಡನ್ನೇ ನೋಡುತ್ತಾ ನಿಂತ. ಆಮೇಲೆ ಅದರ ಫೋಟೋ ತೆಗೆದುಕೊಂಡ.

26ನೇ ರೆಸ್ಯೂಮೆ ಒಬ್ಬ ಹುಡುಗಿಯದು, ಜಗಳೂರು ಕಡೆಯವಳು. ಫುಲ್ ಸ್ಟ್ಯಾಕ್ ಅಂತ ಬರೆದಿರಲಿಲ್ಲ. ನನ್ನ ಪ್ರಶ್ನೆಗೆ ಐದು ನಿಮಿಷ ಸುಮ್ಮನೆ ಕೂತಳು. ಆಮೇಲೆ ಷರತ್ತನ್ನು ಸರಿಯಾಗಿ, ಟೇಬಲ್ ಹೊಂದಿಸುವಾಗಲೇ ನೋಡುವ ಆನ್‌ನಲ್ಲಿ ಹಾಕಿ ಬರೆದಳು. ಹೇಗೆ ಗೊತ್ತಾಯಿತು ಅಂದರೆ, ‘ಅಪ್ಪನ ಕಿರಾಣಿ ಅಂಗಡಿ ಇದೆ ಮೇಡಂ, ಉದ್ರಿ ಪುಸ್ತಕ ನಾನೇ ಬರೆಯೋದು. ಈ ತಿಂಗಳು ಯಾರು ಬಂದೇ ಇಲ್ಲ ಅಂತ ಅಪ್ಪ ಕೇಳ್ತಾನೇ ಇರ್ತಾರೆ’ ಅಂದಳು. ಕಣ್ಣು ತುಂಬಿ ಬಂತು ನನಗೆ. ಆ ಪುಸ್ತಕವನ್ನೇ ಟೇಬಲ್ ಮಾಡಿ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನಲ್ಲಿ ಹಾಕು, ಸಿಕ್ಕಿಹಾಕಿಕೊಂಡ ಕಡೆ ನನಗೆ ಫೋನ್ ಮಾಡು ಅಂದೆ.

ನಿನ್ನೆ ರಾತ್ರಿ ಮಾಡಿದ್ದಳು. ‘ಮೇಡಂ, ಮಗ ಬಂದು ಸಾಮಾನು ತಗೊಂಡು ಅಪ್ಪನ ಹೆಸರಿಗೆ ಬರೆಸಿದರೆ ಯಾರ ಸಾಲಿಗೆ ಹಾಕಲಿ?’

ತಗೊಂಡವರು ಯಾರು, ಖಾತೆ ಯಾರದು, ಎರಡಕ್ಕೂ ಬೇರೆ ಬೇರೆ ಕಾಲಂ ಇಡು ಅಂತ ಹೇಳಿದೆ. ಆಮೇಲೆ ಒಂದು ಗಂಟೆ ಮಾತಾಡಿದೆವು.