ಗುಡ್ಡದ ಮೇಲೆ ಒಂದು ಲೋಟ ಆಸರಿಗೆ

ಭಾನುವಾರ ಬೆಳಗಿನ ಜಾವ ಐದಕ್ಕೆಲ್ಲ ನಮ್ಮ ಕಟ್ಟಡದ ಕೆಳಗೆ ಬೈಕುಗಳ ಸದ್ದು ಶುರುವಾಗುತ್ತದೆ. ಎಲ್ಲಿಗೆ ಅಂತ ಕೇಳಬೇಕಾಗಿಯೇ ಇಲ್ಲ. ಸಿಂಹಗಡಕ್ಕೆ. ನಾನು ಶಿರಸಿಯವನು, ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ಇಲ್ಲಿಯವರಿಗೆ ಆ ಗುಡ್ಡದ ಮೇಲಿರುವ ಪ್ರೀತಿ ಕಂಡು ನನಗೆ ಈಗಲೂ ಆಶ್ಚರ್ಯ.

ಪುಣೆಯಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್. ಖಡಕವಾಸಲಾ ಕೆರೆಯ ದಂಡೆ ಹಿಡಿದು ಹೋಗಬೇಕು. ಮೇಲಿನವರೆಗೂ ಡಾಂಬರು ರಸ್ತೆ ಇದೆ. ಆದರೂ ದಿನವೂ ಬರುವ ಮಂದಿ ಆತಕರವಾಡಿಯಲ್ಲಿ ಗಾಡಿ ಬಿಟ್ಟು ನಡೆದೇ ಹತ್ತುತ್ತಾರೆ. ಸಮುದ್ರಮಟ್ಟದಿಂದ 1,300 ಮೀಟರಿಗೂ ಜಾಸ್ತಿ ಎತ್ತರದ ಕೋಟೆ ಅದು. ಮೊದಲ ಸಲ ಹೋದಾಗ ದಾರಿ ತುಂಬ ಜನರನ್ನು ನೋಡಿ ಮೇಲೆ ಏನೋ ಜಾತ್ರೆ ಇರಬೇಕು ಅಂದುಕೊಂಡಿದ್ದೆ. ಎಪ್ಪತ್ತು ದಾಟಿದ ಅಜ್ಜಂದಿರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಕಾಲೇಜಿನ ಹುಡುಗಿಯರು. ನಮ್ಮ ಪಕ್ಕದ ಮನೆಯ ಕಾಕಾ ವಾರಕ್ಕೊಮ್ಮೆ ತಪ್ಪಿಸುವುದಿಲ್ಲ. 'ನೋಡಲು ಹೋಗಿದ್ದೆ' ಅಂತ ಅವರ ಬಾಯಲ್ಲಿ ಬರುವುದೇ ಇಲ್ಲ, 'ಗಡಕ್ಕೆ ಹೋಗಿ ಬಂದೆ' ಅನ್ನುತ್ತಾರೆ. ನಮ್ಮಲ್ಲಿ ದೇವಸ್ಥಾನಕ್ಕೆ ಹೋಗಿ ಬಂದೆ ಅನ್ನುವ ಹಾಗೆ.

ಇತಿಹಾಸ ಅದಕ್ಕೊಂದು ಕಾರಣ ಹೌದು. 1670ರಲ್ಲಿ ಶಿವಾಜಿಯ ಸರದಾರ ತಾನಾಜಿ ಮಾಲುಸರೆ ಈ ಕೋಟೆ ಗೆಲ್ಲಲು ಹೋಗಿ ಪ್ರಾಣ ಕೊಟ್ಟ ಕಥೆ ಇಲ್ಲಿಯ ಪ್ರತಿ ಮಗುವಿಗೂ ಗೊತ್ತು. ಲೋಕಮಾನ್ಯ ತಿಲಕರ ಬಂಗಲೆಯೂ ಮೇಲಿದೆ. ಆದರೆ ನಾನು ಹೇಳಹೊರಟಿದ್ದು ಊಟದ ವಿಷಯ.

ಮೇಲೆ ತಲುಪುವಾಗ ಕಾಲು ಸೋತಿರುತ್ತದೆ. ಅಷ್ಟರಲ್ಲಿ 'ತಾಕ್ ಘ್ಯಾ ದಾದಾ' ಅಂತ ಒಂದು ದನಿ. ಮಜ್ಜಿಗೆ ತಗೊಳ್ಳಿ ಅಂತ. ಬುಡದ ಹಳ್ಳಿಗಳ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಸಣ್ಣ ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದ ಗಟ್ಟಿ ಮೊಸರು. ಒಲೆಯ ಮೇಲೆ ಆಗಲೇ ತಟ್ಟಿದ ಭಾಕ್ರಿ, ಅಂದರೆ ರೊಟ್ಟಿ, ಜೊತೆಗೆ ಪಿಠ್ಲ. ಪಿಠ್ಲ ಅಂದರೆ ಕಡಲೆಹಿಟ್ಟಿನದು, ಹುಬ್ಬಳ್ಳಿ ಕಡೆಯ ಜುಣಕದ ಒಡಹುಟ್ಟು. ಹಸಿಮೆಣಸಿನ ಠೇಚಾ ಅನ್ನುವ ಚಟ್ನಿ, ಈರುಳ್ಳಿ. ತಿನ್ನುವವರೂ ನೆಲದ ಮೇಲೆ ಚಾಪೆ ಹಾಕಿಕೊಂಡು ಕೂರುತ್ತಾರೆ. ಅದು ಅವರ ಮನೆಯಲ್ಲಿ ದಿನಾ ಮಾಡುವ ಅಡುಗೆ. ಪೇಟೆಯವನು ಬಂದ ಅಂತ ಅವರು ಬೇರೆ ಏನೋ ಕಲಿಯಲಿಲ್ಲ, ಪೇಟೆಯವನೇ ಅವರದ್ದನ್ನು ತಿನ್ನಲು ಕಲಿತ. ಇದು ನನಗೆ ಬಹಳ ದೊಡ್ಡ ವಿಷಯ ಅನಿಸುತ್ತದೆ.

ಕಳೆದ ಸಲ ಊರಿಗೆ ಹೋದಾಗ ಜೇನುಕಲ್ಲು ಗುಡ್ಡಕ್ಕೆ ಹೋಗಿದ್ದೆ. ನನ್ನ ಸೋದರತ್ತೆಯ ಮನೆ ಯಲ್ಲಾಪುರದಿಂದ ಮಾಗೋಡಿಗೆ ಹೋಗುವ ಕಡೆ. ಧಾರವಾಡ, ಹುಬ್ಬಳ್ಳಿಯ ಬಯಲಿನಿಂದ ಬರುವ ಬೇಡ್ತಿ ಹೊಳೆ ಮಾಗೋಡಿನಲ್ಲಿ ಸುಮಾರು 200 ಮೀಟರ್ ಆಳಕ್ಕೆ ಎರಡು ಹಂತದಲ್ಲಿ ಧುಮುಕುತ್ತದೆ. ಜೇನುಕಲ್ಲಿನ ಮೇಲೆ ನಿಂತರೆ ಅದೇ ಹೊಳೆ ಕಣಿವೆಯಲ್ಲಿ ಹೊರಳುತ್ತಾ ಪಡುವಣಕ್ಕೆ ಹೋಗುವುದು ಕಾಣುತ್ತದೆ. ಮುಂದೆ ಅದಕ್ಕೆ ಗಂಗಾವಳಿ ಅಂತ ಹೆಸರು, ಅಂಕೋಲೆಯ ಕಡೆ ಕಡಲು ಸೇರುತ್ತದೆ. ಸೂರ್ಯ ಮುಳುಗುವಾಗ ಗುಡ್ಡದ ಹಿಂದೆ ಗುಡ್ಡ, ಅದರ ಹಿಂದೆ ಇನ್ನೊಂದು ಗುಡ್ಡ. ಸಿಂಹಗಡದಿಂದ ರಾಜಗಡ, ತೋರಣ ಕೋಟೆಗಳು ಕಾಣುತ್ತವೆ. ಚಂದವೇ. ಆದರೆ ನಿಜ ಹೇಳುತ್ತೇನೆ, ನಮ್ಮ ಈ ಕಾಡಿನ ಎದುರು ನಿಂತ ಹಾಗೆ ಅಲ್ಲಿ ಎದೆ ತುಂಬಲಿಲ್ಲ.

ಅವತ್ತು ಅಲ್ಲಿದ್ದವರಲ್ಲಿ ಜಾಸ್ತಿ ಜನ ಹುಬ್ಬಳ್ಳಿಯ ಕಡೆಯವರು. ಕುರುಕಲು, ನೀರು, ಬಿರಿಯಾನಿ ಎಲ್ಲ ಅಲ್ಲಿಂದಲೇ ಕಟ್ಟಿಸಿಕೊಂಡು ಬಂದಿದ್ದರು. ಅವರು ಹೋದ ಮೇಲೆ ಕಲ್ಲಿನ ಸಂದಿಯಲ್ಲಿ ಪ್ಲಾಸ್ಟಿಕ್ ತಟ್ಟೆ, ಬಾಟಲಿ ಉಳಿದವು. ಊರಿಗೆ ಉಳಿದಿದ್ದು ಅಷ್ಟೇ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ, ಕೊಂಡು ತಿನ್ನೋಣ ಅಂದರೂ ನಾವು ಏನು ಇಟ್ಟಿದ್ದೇವೆ ಅಲ್ಲಿ?

ನಮ್ಮೂರಿನವರು ಗುಡ್ಡಕ್ಕೆ ಹೋಗುವುದೂ ಕಡಿಮೆ. ನೆಂಟರು ಬಂದರೆ ತೋರಿಸಲು ಕರೆದುಕೊಂಡು ಹೋಗುತ್ತಾರೆ, ಅಷ್ಟೇ. ಆದರೆ ಆ ಕಣಿವೆ ಇವತ್ತಿಗೂ ಹಸಿರಾಗಿ ಉಳಿದಿದ್ದು ಅವರಿಂದಲೇ ಅನ್ನುವುದು ನೋಡಲು ಬರುವ ಎಷ್ಟು ಜನಕ್ಕೆ ಗೊತ್ತು? ಬೇಡ್ತಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ ಬಂದಾಗ ಅಡಿಕೆ ಬೆಳೆಗಾರರು ಎದುರು ನಿಂತರು. 1981ರಲ್ಲಿ ಶಿರಸಿಯಲ್ಲಿ ತಜ್ಞರನ್ನು ಕರೆಸಿ, ಅದರ ಲಾಭ ನಷ್ಟವನ್ನು ಲೆಕ್ಕ ಹಾಕಿಸಿದರು. 1983ರಲ್ಲಿ ಶಿರಸಿಯ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ನಿಂತರು, ಅದೇ ಅಪ್ಪಿಕೋ ಚಳವಳಿ. ಈಗ ಬೇಡ್ತಿ-ವರದಾ ನದಿ ಜೋಡಣೆಯ ಮಾತು ಬಂದಿದೆ, ಮತ್ತೆ ಇವರೇ ಬೀದಿಗೆ ಇಳಿದಿದ್ದಾರೆ. ಹೊಳೆ ಉಳಿಸಿದವರ ಮನೆಗೆ ಆ ಹೊಳೆಯ ನೋಟದಿಂದ ನಾಲ್ಕು ಕಾಸು ಬರಬೇಕು. ನನ್ನ ಮಾತು ಇಷ್ಟೇ.

ಗುಡ್ಡದಿಂದ ಇಳಿದು ಅತ್ತೆಯ ಮನೆಗೆ ಹೋದಾಗ ಅಂಗಳದಲ್ಲಿ ಕಾರಿನ ನಾಲ್ಕು ಜನ ಕೂತಿದ್ದರು. ದಾರಿ ಕೇಳಲು ಬಂದವರಂತೆ. ಅತ್ತೆ ಎಲ್ಲರಿಗೂ ಮುರುಗಲ ಹಣ್ಣಿನ ಪಾನಕ ಕೊಟ್ಟಿದ್ದಳು, ಹಲಸಿನ ಹಪ್ಪಳ ಸುಟ್ಟು ಕೊಟ್ಟಿದ್ದಳು. ಅವರು ನೂರರ ನೋಟು ಚಾಚಿದರೆ ಅವಳಿಗೆ ಸಿಟ್ಟೇ ಬಂತು. "ಆಸರಿಗೆ ಕೊಟ್ಟು ದುಡ್ಡು ತಗಳದನೋ ತಮಾ?" ಅಂತ ಆಮೇಲೆ ನನ್ನನ್ನೇ ಕೇಳಿದಳು.

ಇಲ್ಲೇ ಇರುವುದು ಎರಡು ಊರಿನ ರೀತಿಯ ವ್ಯತ್ಯಾಸ. ಆಸರಿಗೆ, ಅಂದರೆ ಮನೆಗೆ ಬಂದವರಿಗೆ ಬಾಯಾರಿಕೆಗೆ ಕೊಡುವುದು, ನಮ್ಮಲ್ಲಿ ಧರ್ಮ, ವ್ಯಾಪಾರ ಅಲ್ಲ. ಈ ಗುಣ ಹೋಗಬಾರದು. ಆದರೆ ಅಂಗಳ ಬೇರೆ, ಗುಡ್ಡದ ಬುಡ ಬೇರೆ. ಅಂಗಳಕ್ಕೆ ಬಂದವನು ನೆಂಟ. ಗುಡ್ಡ ನೋಡಲು ಬಂದವನು ಗಿರಾಕಿ, ಅವನಿಗೂ ಕೊಂಡು ತಿನ್ನುವುದೇ ಹಗುರ. ಸಿಂಹಗಡದಲ್ಲಿ ಮಜ್ಜಿಗೆ ಮಾರುವ ಅಜ್ಜಿಯೂ ತನ್ನ ಮನೆಗೆ ಬಂದವರಿಗೆ ಬರೀ ನೀರು ಕೊಟ್ಟು ಕಳಿಸುವುದಿಲ್ಲ, ದುಡ್ಡೂ ಕೇಳುವುದಿಲ್ಲ.

ಹಾಗಂತ ಸಿಂಹಗಡದ ಎಲ್ಲವನ್ನೂ ಇಲ್ಲಿಗೆ ತರುವುದು ಬೇಡ. ಮಳೆಗಾಲದ ಭಾನುವಾರ ಅಲ್ಲಿಯ ಘಾಟಿಯಲ್ಲಿ ವಾಹನ ಒಂದರ ಹಿಂದೆ ಒಂದು ಗಂಟೆಗಟ್ಟಲೆ ನಿಲ್ಲುತ್ತವೆ. ರಸ್ತೆಯನ್ನು ತುದಿಯವರೆಗೆ ಒಯ್ದಿದ್ದರ ಫಲ ಅದು. ನಮ್ಮಲ್ಲಿ ಕಾರುಗಳು ಒಂದೆರಡು ಕಿಲೋಮೀಟರ್ ಹಿಂದೆಯೇ ನಿಲ್ಲಲಿ. ಅಲ್ಲಿಂದ ಎಲ್ಲರೂ ನಡೆಯಲಿ, ನಡೆಯಲಾರದವರಿಗೆ ಊರಿನವರದೇ ಒಂದು ಜೀಪು ಇರಲಿ. ಗಾಡಿ ನಿಲ್ಲುವ ಜಾಗದಲ್ಲಿ ಊರಿನ ಹೆಂಗಸರು ಪಾನಕ, ತಂಬುಳಿ-ಅನ್ನ, ತೊಡದೇವು ಅನ್ನುವ ನಮ್ಮ ಸಿಹಿ ತಿಂಡಿ ಇಟ್ಟುಕೊಂಡು ಕೂರಲಿ. ಗ್ರಾಮ ಅರಣ್ಯ ಸಮಿತಿಗಳಿವೆ, ಸ್ತ್ರೀಶಕ್ತಿ ಗುಂಪುಗಳಿವೆ, ಹೊಸದಾಗಿ ಏನೂ ಕಟ್ಟಬೇಕಾಗಿಲ್ಲ. ಗೋಬಿ ಮಂಚೂರಿಯ ಗಾಡಿ ಮಾತ್ರ ಬರುವ ಮೊದಲು ಇದಾಗಬೇಕು. ಅದು ಒಮ್ಮೆ ಬಂದು ನಿಂತರೆ ಆಮೇಲೆ ತಂಬುಳಿಗೆ ಜಾಗ ಸಿಗುವುದು ಕಷ್ಟ.

ಇದನ್ನೆಲ್ಲ ಅವತ್ತೇ ಅತ್ತೆಗೆ ಹೇಳಿದ್ದೆ. ಕೇಳಿಸಿಕೊಂಡು ಸುಮ್ಮನೆ ಅಡಿಕೆ ಸುಲಿಯುತ್ತಾ ಕೂತಿದ್ದಳು. ಮೊನ್ನೆ ಫೋನು ಮಾಡಿದಾಗ ತೋಟ, ಮಂಗನ ಕಾಟ, ಮಳೆ ಎಲ್ಲ ಮಾತಾಡಿದ ಮೇಲೆ ಇಡುವ ಮೊದಲು ದನಿ ತಗ್ಗಿಸಿ ಕೇಳಿದಳು: "ಅಲ್ದೋ ತಮಾ, ಒಂದು ಲೋಟಕ್ಕೆ ಎಷ್ಟು ಹೇಳವು?"